ದಮ್ಮು ಬೇಗ ಬರುತ್ತದೆ, ಎಲುಬಿಗೆ ಸಮಯ ಕೊಡಿ

ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿ ಪ್ರಕಟಣೆ ಬಂತೆಂದರೆ ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ನಸುಕಿಗೇ ಹುಡುಗರು ಸೇರುತ್ತಾರೆ. ಪೊಲೀಸ್ ಪರೀಕ್ಷೆಯಲ್ಲಿ 1600 ಮೀಟರ್‌ಗೆ ಆರೂವರೆ ನಿಮಿಷ, ಕೇಂದ್ರ ಪಡೆಗಳ ಕಾನ್‌ಸ್ಟೆಬಲ್ ನೇಮಕಾತಿಯಾದ ಎಸ್‌ಎಸ್‌ಸಿ ಜಿಡಿಯಲ್ಲಾದರೆ 5 ಕಿ.ಮೀ.ಗೆ 24 ನಿಮಿಷ. ಅವಸರ ಸಹಜವೇ. ಆದರೆ ಮೊದಲ ವಾರದಿಂದಲೇ ಸ್ಟಾಪ್‌ವಾಚ್ ಹಿಡಿದು ಓಡಿಸಿದರೆ ಕಾಲು ಕೆಡುತ್ತದೆ. ಹೃದಯ, ಶ್ವಾಸಕೋಶ ಕೆಲವೇ ವಾರಗಳಲ್ಲಿ ಪಳಗುತ್ತವೆ. ಎಲುಬು ಗಟ್ಟಿಯಾಗಲು ತಿಂಗಳುಗಳು ಬೇಕು. ದಮ್ಮು ಬಂತೆಂದು ಹುಡುಗ ಜೋರು ಮಾಡುವುದು ಈ ನಡುವಿನ ದಿನಗಳಲ್ಲೇ. ಅವನನ್ನು ತಡೆಯುವುದು ತರಬೇತುದಾರರ ಮೊದಲ ಕೆಲಸ.

ಹೊಸಬರಿಗೆ ವಾರಕ್ಕೆ ನಾಲ್ಕು ದಿನ ಸಾಕು. ಎರಡು ನಿಮಿಷ ನಿಧಾನ ಓಟ, ಒಂದು ನಿಮಿಷ ನಡಿಗೆ, ಒಟ್ಟು ಅರ್ಧ ಗಂಟೆ. ಜೊತೆಗೆ ಓಡುತ್ತಾ ಮಾತಾಡಿಸಿ. ರಾತ್ರಿ ಏನು ಉಂಡೆ ಎಂದು ಕೇಳಿ. ಪೂರ್ತಿ ವಾಕ್ಯದಲ್ಲಿ ಉತ್ತರ ಬಂದರೆ ವೇಗ ಸರಿ. ಏದುಸಿರಲ್ಲಿ ಒಂದೊಂದೇ ಪದ ಬಂದರೆ ಇಳಿಸಿ. ಮುಂದೆ ಎಷ್ಟೇ ಪಳಗಿದರೂ ವಾರದ ಓಟದಲ್ಲಿ ಐದರಲ್ಲಿ ನಾಲ್ಕು ಪಾಲು ಹೀಗೇ ಇರಲಿ. ದೂರವನ್ನು ಸ್ವಲ್ಪಸ್ವಲ್ಪವೇ ಏರಿಸಿ, ನಾಲ್ಕನೇ ವಾರ ತಗ್ಗಿಸಿ. ಹಿಂದಿನ ದಿನವಿಡೀ ತೊಗರಿ ಕೊಯ್ದು ಬಂದವನನ್ನೋ, ಮಂಡಿಯಲ್ಲಿ ಚೀಲ ಹೊತ್ತು ಬಂದವನನ್ನೋ ಅವತ್ತು ಓಡಿಸಬೇಡಿ. ಅವನ ಕಾಲು ಆಗಲೇ ದುಡಿದಿದೆ.

ಸಿಮೆಂಟ್ ರಸ್ತೆ ಆದಷ್ಟು ಬೇಡ. ಎರೆ ಹೊಲದ ದಾರಿ ಮಳೆಗಾಲದಲ್ಲಿ ಕಾಲಿಗೆ ಮೆತ್ತಿಕೊಳ್ಳುತ್ತದೆ, ಬೇಸಿಗೆಯಲ್ಲಿ ಬಿರಿದು ಪಾದ ಉಳುಕಿಸುತ್ತದೆ. ಬೀದರ್ ಕಡೆಯವರಿಗೆ ಕೆಂಪು ಮಣ್ಣಿನ ದಾರಿ ಸಿಗುತ್ತದೆ, ಬಳಸಿಕೊಳ್ಳಿ. ಟ್ರ್ಯಾಕ್‌ನಲ್ಲಾದರೆ ನಿಧಾನ ಓಟದ ದಿನ ದಿಕ್ಕು ಬದಲಿಸಿ. ಸದಾ ಎಡಕ್ಕೇ ತಿರುಗಿದರೆ ಭಾರ ಎರಡೂ ಕಾಲಿಗೆ ಒಂದೇ ಸಮ ಬೀಳುವುದಿಲ್ಲ.

ಎಂಟು ವಾರ ಕಳೆದ ಮೇಲೆ, ವಾರಕ್ಕೆ ಒಂದೇ ದಿನ ವೇಗದ ಓಟ. 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಲು 400 ಮೀಟರ್‌ನ ಒಂದೊಂದು ಸುತ್ತು 97 ಸೆಕೆಂಡ್‌ನಲ್ಲಿ ಮುಗಿದರೆ ಸಾಕು. ಮೊದಲ ಸುತ್ತನ್ನು 75ಕ್ಕೆ ಓಡಿ ಮೂರನೆಯದರಲ್ಲಿ ಕುಸಿಯುವುದೇ ಹೆಚ್ಚು. ಹಾಗಾಗಿ 97ರ ಲಯದಲ್ಲಿ ನಾಲ್ಕು ಸುತ್ತು, ನಡುನಡುವೆ ಮೂರು ನಿಮಿಷ ನಡಿಗೆ. ಬೇಗ ಮುಗಿಸಿದವನನ್ನು ಹೊಗಳಬೇಡಿ.

ಇನ್ನು ನೋವು. ಹುಡುಗರು ‘ಶಿನ್ ಪೇನ್’ ಎಂದು ಹೇಳಿ ಕ್ರೇಪ್ ಬ್ಯಾಂಡೇಜ್ ಸುತ್ತಿಕೊಂಡು ಓಡುತ್ತಾರೆ. ಬ್ಯಾಂಡೇಜ್ ಬಿಚ್ಚಿಸಿ, ಮೊಣಕಾಲಿನ ಕೆಳಗೆ ಎಲುಬಿನ ಒಳಅಂಚಿನುದ್ದಕ್ಕೂ ಬೆರಳಿಂದ ಒತ್ತುತ್ತಾ ಬನ್ನಿ. ಗೇಣುದ್ದ ಹರಡಿದ ನೋವು, ಓಡುತ್ತಾ ಸಡಿಲಾಗುವಂಥದ್ದು, ಸಾಮಾನ್ಯವಾಗಿ ದೂರ ತಗ್ಗಿಸಿದರೆ ಇಳಿಯುತ್ತದೆ. ಆದರೆ ಒಂದೇ ಬಿಂದುವಿನಲ್ಲಿ ಒತ್ತಿದಾಗ ಚುರುಕ್ಕೆಂದರೆ, ಒಂಟಿಗಾಲಲ್ಲಿ ಕುಪ್ಪಳಿಸಲಾಗದಿದ್ದರೆ, ರಾತ್ರಿಯೂ ನೋಯುತ್ತಿದ್ದರೆ ಎಲುಬು ಬಿರುಕು ಬಿಟ್ಟಿರಬಹುದು. ಓಟ ಅಂದೇ ನಿಲ್ಲಲಿ, ಎಲುಬಿನ ಡಾಕ್ಟರರಿಗೆ ತೋರಿಸಿ. ಆರಂಭದ ಎಕ್ಸ್‌ರೇಯಲ್ಲಿ ಬಿರುಕು ಕಾಣದೇ ಹೋಗಬಹುದು. ವರದಿ ಚೆನ್ನಾಗಿದೆ ಎಂದು ಮರುದಿನವೇ ಟ್ರ್ಯಾಕಿಗೆ ಇಳಿಸಬೇಡಿ. ನೋವುಗುಳಿಗೆ ನುಂಗಿಸಿ ಓಡಿಸುವುದಂತೂ ಹುಡುಗನಿಗೆ ಮಾಡುವ ದ್ರೋಹ.

ಕಾಲು ಗಟ್ಟಿಯಾಗಲು ಗ್ಯಾಲರಿ ಮೆಟ್ಟಿಲೇ ಸಾಕು. ಅಂಚಿನಲ್ಲಿ ಪಾದದ ಮುಂಭಾಗ ಊರಿ, ಹಿಮ್ಮಡಿ ಎತ್ತಿ ನಿಧಾನ ಇಳಿಸುವುದು, 15ರಂತೆ ಮೂರು ಸಲ, ದಿನ ಬಿಟ್ಟು ದಿನ.

ಏಪ್ರಿಲ್, ಮೇನಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆಳಿಗ್ಗೆ ಏಳರೊಳಗೆ ಮುಗಿಸಿ. ಬಿಸಿಲಿಗೆ ದೇಹ ಒಗ್ಗಲು ಎರಡು ವಾರ ಕೊಡಿ. ಯಾರಾದರೂ ತೂರಾಡಿದರೆ, ಮಾತು ತಡವರಿಸಿದರೆ ನೆರಳಿಗೆ ಎಳೆದು ಮೈತುಂಬ ನೀರು ಸುರಿದು ಗಾಳಿ ಹಾಕಿ. ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಆ್ಯಂಬುಲೆನ್ಸ್ ಬರುವವರೆಗೂ ನೀರು ಸುರಿಯುವುದು ನಿಲ್ಲಬಾರದು.

ಊಟಕ್ಕೆ ಜೋಳದ ರೊಟ್ಟಿ, ತೊಗರಿ ಬ್ಯಾಳಿ, ಶೇಂಗಾ ಹಿಂಡಿ, ಮೊಸರು, ಸಾಧ್ಯವಾದರೆ ಮೊಟ್ಟೆ. ತೂಕ ಇಳಿಸಲೆಂದು ಉಪವಾಸ ಬೇಡ. ಹೆಣ್ಣುಮಕ್ಕಳಲ್ಲಿ ಮುಟ್ಟು ಮೂರು ತಿಂಗಳು ನಿಂತರೆ ಓಟಕ್ಕೆ ತಕ್ಕಷ್ಟು ಆಹಾರ ಸಾಲದಿರುವ ಸೂಚನೆ ಇರಬಹುದು, ಎಲುಬೂ ಸೊರಗುತ್ತದೆ. ಈ ಮಾತು ನಿಮ್ಮೆದುರು ಆಡಲು ಅವರು ಸಂಕೋಚಪಟ್ಟರೆ ತಂಡದಲ್ಲಿ ಒಬ್ಬ ಅಕ್ಕನಂಥವರು ಇರಲಿ.

ಪರೀಕ್ಷೆಗೆ ಹತ್ತು ದಿನ ಇರುವಾಗ ದೂರ ಅರ್ಧಕ್ಕೆ ಇಳಿಸಿ. ಆಗ ಹೊಸ ಶೂ ಕೊಳ್ಳುವುದು ಬೇಡ, ಹಳೆಯದರಲ್ಲೇ ಓಡಲಿ.