ಮೂರು ಬಾಟಲಿ ತನ್ನಿ, ಮಿಕ್ಕಿದ್ದು ನಿಮ್ಮ ಡಬ್ಬಿಯಲ್ಲೇ ಇದೆ

ದುಬೈಗೆ ಬಂದ ಹೊಸದರಲ್ಲಿ ನನ್ನ ಫ್ಲ್ಯಾಟಿನ ಅಡುಗೆಮನೆಯಲ್ಲಿ ಅರ್ಧ ಪಾಲು ಫಿಲಿಪೀನ್ಸಿನ ನರ್ಸ್ ಒಬ್ಬರದು. ಅವರನ್ನು ‘ಆತೆ’ ಅಂತ ಕರೆಯುತ್ತಿದ್ದೆ. ಅತ್ತೆಯಲ್ಲ, ಅವರ ತಗಾಲೊಗ್ ಭಾಷೆಯಲ್ಲಿ ಆತೆ ಅಂದರೆ ಅಕ್ಕ. ನಾನು ಯಾವಾಗ ಒಳಗೆ ಕಾಲಿಟ್ಟರೂ ‘ಕಾಯಿನ್ ತಾಯೊ’, ಬಾ ಉಣ್ಣೋಣ ಅನ್ನುತ್ತಿದ್ದರು. ಹಾಗೆ ಉಂಡುಂಡೇ ಕಲಿತದ್ದು ಈ ಫಿಲಿಪಿನೋ ಅಡುಗೆ.

ಫಿಲಿಪಿನೋ ಅಂಗಡಿಗೆ ಹೋದರೆ ತಲೆ ಕೆಡಿಸಿಕೊಳ್ಳಬೇಡಿ. ಕಬ್ಬಿನ ವಿನೆಗರ್, ಸೋಯಾ ಸಾಸ್, ‘ಪತಿಸ್’ ಎಂಬ ಮೀನಿನ ಸಾಸ್, ಈ ಮೂರು ಬಾಟಲಿ ಸಾಕು. ಪತಿಸ್ ಮೂಗಿಗೆ ಹಿಡಿಯಬೇಡಿ, ಸೀದಾ ಪಾತ್ರೆಗೆ ಹಾಕಿ.

ಮೊದಲ ಅಡುಗೆ ಅದೋಬೋ. ಮೂಳೆ ಇರುವ ಕೋಳಿ 1 ಕಿಲೋ, ವಿನೆಗರ್ ಅರ್ಧ ಕಪ್, ಸೋಯಾ ಸಾಸ್ ಅರ್ಧ ಕಪ್ಪಿಗೆ ಕೊಂಚ ಕಡಿಮೆ, ಜಜ್ಜಿದ ಬೆಳ್ಳುಳ್ಳಿ ಒಂದು ಇಡೀ ಗಡ್ಡೆ, ಪಲಾವ್ ಎಲೆ ಮೂರು, ಇಡಿ ಕಾಳುಮೆಣಸು ಒಂದು ಚಮಚ, ಒಂದು ಕಪ್ ನೀರು. ಎಲ್ಲ ಒಟ್ಟಿಗೆ ಒಲೆ ಮೇಲಿಡಿ. ಆಮೇಲೆ ಕೈ ಕಟ್ಟಿ ಕೂರಬೇಕು. ಕುದಿ ಬಂದು ವಿನೆಗರಿನ ಘಾಟು ಇಳಿಯುವವರೆಗೆ ಸೌಟು ಹಾಕಬಾರದು, ಮುಚ್ಚಳವೂ ಬೇಡ. ಮೊದಲ ಸಲ ನಾನು ಕದಡಲು ಹೋದಾಗ ಆತೆ ಕೈ ಮೇಲೆ ಮೆಲ್ಲಗೆ ಒಂದು ಏಟು ಕೊಟ್ಟಿದ್ದರು. ಘಾಟು ಇಳಿದ ಮೇಲೆ ಮುಚ್ಚಿ, ಸಣ್ಣ ಉರಿಯಲ್ಲಿ ಅರ್ಧ ಗಂಟೆ. ಕೊನೆಗೆ ಮುಚ್ಚಳ ತೆಗೆದು ರಸ ಬತ್ತಿಸಿ; ತುಂಡುಗಳಿಗೆ ಕಂದು ಹೊಳಪು ಬಂದು, ಅಂಚಿನಲ್ಲಿ ಎಣ್ಣೆ ಬಿಟ್ಟರೆ ಆಯಿತು. ಅರಿಶಿನ, ಖಾರದಪುಡಿ ಹಾಕಲು ಕೈ ತುರಿಸುತ್ತದೆ, ತಡೆದುಕೊಳ್ಳಿ. ಒಮ್ಮೆ ಕಬ್ಬಿನದು ಸಿಗದೆ, ಗಾಜು ಒರೆಸಲು ಇಟ್ಟಿದ್ದ ಬಿಳಿ ವಿನೆಗರ್ ಅಷ್ಟೇ ಅಳತೆಗೆ ಸುರಿದೆ. ಗಂಟಲಲ್ಲಿ ಇಳಿಯಲಿಲ್ಲ.

ಅದೋಬೋ ಮರುದಿನಕ್ಕೆ ಇನ್ನೂ ರುಚಿ. ಫ್ರಿಜ್ ಇಲ್ಲದ ಕಾಲದಲ್ಲಿ, ಆ ಸೆಕೆಯ ನಾಡಲ್ಲಿ ಮಾಂಸ ಕೆಡದಂತೆ ಕಾಯುತ್ತಿದ್ದದ್ದೇ ವಿನೆಗರ್. ಹೆಸರು ಮಾತ್ರ ಸ್ಪೇನಿನವರು ಇಟ್ಟದ್ದು.

ಇನ್ನು ಸಿನಿಗಾಂಗ್. ಇದು ಒಗ್ಗರಣೆಯಿಲ್ಲದ ಹುಣಸೆ ಸಾರು. ನೀರಿನ ಬದಲು ಅಕ್ಕಚ್ಚು ಹಾಕುತ್ತಾರೆ! ನಮ್ಮೂರಲ್ಲಿ ಅದನ್ನು ಹಸುವಿಗೆ ಇಡುತ್ತೇವೆ ಅಂದಾಗ ಆತೆ ನಕ್ಕು ನಕ್ಕು ಸುಸ್ತಾದರು. ಅಕ್ಕಿಯ ಮೊದಲ ತೊಳೆ ಚೆಲ್ಲಿ, ಎರಡನೆಯದನ್ನು ಇಟ್ಟುಕೊಳ್ಳಿ. ಅದರಲ್ಲಿ ಈರುಳ್ಳಿ, ಟೊಮೆಟೊ, ಮೂಲಂಗಿ ಬೇಯಿಸಿ, ಹುಣಸೆ ರಸ ಬಿಡಿ. ನಂತರ ಬದನೆ, ಬೆಂಡೆ, ಸೀಗಡಿ, ಇಡೀ ಹಸಿಮೆಣಸಿನಕಾಯಿ ಎರಡು. ಸೀಗಡಿ ಬಣ್ಣ ತಿರುಗಿದ ಕೂಡಲೇ ಸೊಪ್ಪು ಹಾಕಿ ಇಳಿಸಿ. ಅವರದು ನೀರಲ್ಲಿ ಬೆಳೆಯುವ ಕಾಂಗ್‌ಕೋಂಗ್ ಸೊಪ್ಪು. ಪಾಲಕ್ ಹಾಕಿದರೂ ಜಗಳವಿಲ್ಲ. ಉಪ್ಪಿನ ಜಾಗಕ್ಕೆ ಪತಿಸ್. ಹುಳಿ ಕಣ್ಣು ಕಿರಿದಾಗಿಸುವಷ್ಟು ಇರಬೇಕು. ನೈಟ್ ಡ್ಯೂಟಿ ಮುಗಿಸಿ ಬಂದ ದಿನ ಆತೆ ಕೂಡ ಹುಣಸೆ ರಸದ ಬದಲು ಪ್ಯಾಕೆಟ್ ಪುಡಿಯನ್ನೇ ಕದಡುತ್ತಿದ್ದರು, ಹಾಗಾಗಿ ನಾಚಿಕೆ ಬೇಡ.

ಮಾಂಸ ಬೇಡದ ದಿನಕ್ಕೆ ಮುಂಗ್ಗೊ: ಬೆಂದ ಹೆಸರುಕಾಳಿಗೆ ಬೆಳ್ಳುಳ್ಳಿ, ಈರುಳ್ಳಿ, ಟೊಮೆಟೊ ಬಾಡಿಸಿ ಸೇರಿಸಿ, ಮೇಲೊಂದು ಹಿಡಿ ನುಗ್ಗೆ ಸೊಪ್ಪು.

ಬೆಳಿಗ್ಗೆಗೆ ತಂಗಳನ್ನ ಉಳಿದಿದ್ದರೆ, ಬೆಳ್ಳುಳ್ಳಿ ಕೆಂಪಗೆ ಹುರಿದು ಅದರಲ್ಲಿ ಅನ್ನ ಉದುರಿಸಿ, ಜೊತೆಗೊಂದು ಮೊಟ್ಟೆ. ನಾನಂತೂ ಬೇರೆ ಎಣ್ಣೆ ಹಾಕುವುದಿಲ್ಲ, ಅದೋಬೋ ಪಾತ್ರೆಯ ತಳದಲ್ಲೇ ಹುರಿಯುತ್ತೇನೆ. ಪಾತ್ರೆ ತೊಳೆಯುವ ಕೆಲಸವೂ ಅರ್ಧ ಮುಗಿದಂತೆ.