ಐದೂವರೆಗೆ ಒಗ್ಗಿದ ಜಿಎಂಟಿ ವಾಚು: ನನ್ನ ಅನುಭವ

ಜಿಎಂಟಿ ವಾಚು, ಅಂದರೆ ಬೇರೆ ದೇಶದ ಸಮಯ ತೋರಿಸಲು 24 ಗಂಟೆಯ ಇನ್ನೊಂದು ಮುಳ್ಳಿರುವ ವಾಚು, ನಮ್ಮ ದೇಶದವರಿಗೆ ಆಗಿಬರುವುದಿಲ್ಲ ಎಂದು ಮಂಗಳೂರಿನ ನನ್ನ ವಾಚು ಗೆಳೆಯರೆಲ್ಲ ಒಂದೇ ಬಾಯಲ್ಲಿ ಹೇಳುತ್ತಿದ್ದರು. ಕಾರಣ ನಮ್ಮ ಐದೂವರೆ, ಅಂದರೆ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದಿರುವ ನಮ್ಮ ಸಮಯ. 24 ಗಂಟೆಯ ಮುಳ್ಳು ಇಡೀ ಗಂಟೆಯ ಲೆಕ್ಕದಲ್ಲೇ ಜಿಗಿಯುತ್ತದೆ, ನಮ್ಮ ಅರ್ಧ ಗಂಟೆಗೆ ಅದರಲ್ಲಿ ಜಾಗ ಇಲ್ಲ ಎಂಬುದು ಅವರ ವಾದ. ಈಗ ನನ್ನ ಕೈಯಲ್ಲಿರುವ ಆಟೋಮ್ಯಾಟಿಕ್ ವಾಚು ಅಬಿಜಾನ್, ರಾಟರ್‌ಡ್ಯಾಮ್, ದಾರ್ ಎಸ್ ಸಲಾಮ್, ದುಬೈ ನಾಲ್ಕರ ಸಮಯವನ್ನೂ ಅರ್ಧ ಗಂಟೆಯ ಸಮೇತ ತೋರಿಸುತ್ತಿದೆ. ಖರ್ಚಾದದ್ದು 40,000 ರೂಪಾಯಿಯ ಆಸುಪಾಸು. ಹಾಗಾಗಿ ಬರೆಯುತ್ತಿದ್ದೇನೆ.

ನನ್ನದು ಗೇರುಬೀಜದ ವ್ಯಾಪಾರ. ಕಚ್ಚಾ ಬೀಜ ಐವರಿ ಕೋಸ್ಟ್‌ನಿಂದ, ತಾಂಜಾನಿಯಾದಿಂದ ಪಣಂಬೂರಿನ ಬಂದರಿಗೆ ಬರುತ್ತದೆ. ತಿರುಳು ದುಬೈಗೂ ಹಾಲೆಂಡಿಗೂ ಹೋಗುತ್ತದೆ. ದುಬೈಯವರು ಬೆಳಿಗ್ಗೆ 9ಕ್ಕೆ ಕೂತರೆ ಇಲ್ಲಿ 10.30. ದಾರ್ ಎಸ್ ಸಲಾಮ್‌ನವರ 9 ನಮಗೆ 11.30. ಐವರಿ ಕೋಸ್ಟ್‌ನ ಅಬಿಜಾನ್‌ನವರು 8ಕ್ಕೇ ಶುರು ಮಾಡುತ್ತಾರೆ, ಅದು ಇಲ್ಲಿ ಮಧ್ಯಾಹ್ನ 1.30. ಚಳಿಗಾಲದಲ್ಲಿ ರಾಟರ್‌ಡ್ಯಾಮ್‌ನ 9 ಕೂಡ ಅದೇ ಹೊತ್ತಿಗೆ ಬಂದು ಕೂರುತ್ತದೆ. ಯಾರಿಗೆ ಮೊದಲು ಫೋನ್ ಮಾಡುತ್ತೀರಿ ಎಂಬುದರ ಮೇಲೆ ಡಬ್ಲ್ಯೂ 320 ದರ್ಜೆಯ ತಿರುಳು ಯಾವ ರೇಟಿಗೆ ಹೋಗುತ್ತದೆ ಎಂಬುದು ನಿಂತಿರುತ್ತದೆ.

"ಎಂಥ ಮಾರಾಯ, ಮೊಬೈಲಲ್ಲಿ ಎಲ್ಲ ಉಂಟಲ್ಲ" ಎಂದು ಭಾವ ಹೇಳಿದ್ದುಂಟು. ಮೊಬೈಲು ಕಿವಿಯಲ್ಲಿರುವಾಗ ಅದರಲ್ಲೇ ಟೈಮ್ ನೋಡುವುದು ಹೇಗೆ? ಗೋಡೌನಿನಲ್ಲಿ ಕೈಯೆಲ್ಲ ಧೂಳಾಗಿರುವಾಗ ಅದನ್ನು ಜೇಬಿನಿಂದ ತೆಗೆಯುವುದು ಯಾರು? ವಾಚು ಬೇಕೇ ಬೇಕು ಅನ್ನುವುದರಲ್ಲಿ ನನಗೆ ಯಾವತ್ತೂ ಅನುಮಾನ ಇರಲಿಲ್ಲ.

ಮೊದಲು ಕೈಗೆ ಬಂದದ್ದು ಊರುಗಳ ಹೆಸರಿನ ಉಂಗುರ ಇರುವ ಹಳೆಯ ವರ್ಲ್ಡ್ ಟೈಮರ್, ಸೆಕೆಂಡ್ ಹ್ಯಾಂಡ್, 9,000ದ ಹತ್ತಿರ. ಇಂಥ ಉಂಗುರದಲ್ಲಿ ಸಾಮಾನ್ಯವಾಗಿ 24 ಊರು. ಕರಾಚಿ ಆದ ಮೇಲೆ ಢಾಕಾ. ನಡುವೆ ನಾವಿಲ್ಲ. ಉಂಗುರವನ್ನು ಅರ್ಧಕ್ಕೆ ತಂದು ನಿಲ್ಲಿಸಿದೆ. ಲೆಕ್ಕ ಸರಿಬಂತು. ಆದರೆ ಉಂಗುರ ಬಿಗಿಯಾಗಿರಲಿಲ್ಲ, ಬೆಳಗಾಗುವಾಗ ಜಾರಿರುತ್ತಿತ್ತು. ಅಕ್ಷರವೂ ತೀರಾ ಸಣ್ಣದು. 6,000ಕ್ಕೆ ಕೊಟ್ಟುಬಿಟ್ಟೆ.

ಆಮೇಲೆ ಎನ್‌ಎಚ್34 ಎಂಬ ಜಿಎಂಟಿ ಮೂವ್‌ಮೆಂಟ್ (ವಾಚಿನ ಒಳಗಿನ ಯಂತ್ರ) ಹಾಕಿದ ಒಂದು ಸಣ್ಣ ಕಂಪನಿಯ ವಾಚು ಹೊರಗಿನಿಂದ ತರಿಸಿದೆ. ವಾಚಿಗೆ 22,000, ಕಸ್ಟಮ್ಸ್ ಸೇರಿ 30,000 ದಾಟಿತು. ಮುಳ್ಳು ಬೇರೆಯಾಗಿ ತಿರುಗುತ್ತದೆ, ಗ್ಲಾಸು ಸಫೈರ್, ಎಲ್ಲ ಚೆಂದ. ಬೆಜೆಲ್ (ಗ್ಲಾಸಿನ ಸುತ್ತ ತಿರುಗುವ, 24 ಗಂಟೆ ಬರೆದ ಉಂಗುರ) ಮಾತ್ರ 24 ಕ್ಲಿಕ್ಕಿನದು. ಒಂದು ಕ್ಲಿಕ್ಕಿಗೆ ಒಂದು ಗಂಟೆ. ದುಬೈ ಒಂದೋ ಅರ್ಧ ಗಂಟೆ ಮುಂದೆ, ಇಲ್ಲ ಹಿಂದೆ. ಗೆಳೆಯರು ನಕ್ಕದ್ದು ಇದನ್ನು ನೋಡಿಯೇ.

ನಾನು ಬಿಡಲಿಲ್ಲ. ಹಂಪನಕಟ್ಟೆಯಲ್ಲಿ ನನ್ನ ಕಾಯಂ ರಿಪೇರಿಯವರ ಹತ್ತಿರ ಹೋಗಿ, 24 ಗಂಟೆಯ ಮುಳ್ಳನ್ನು ಕಿತ್ತು ಅರ್ಧ ಗಂಟೆ ಓರೆಯಾಗಿ ಕೂರಿಸಿಕೊಡಿ ಎಂದೆ. "ಸಾರ್, ಮೂವತ್ತು ವರ್ಷದಲ್ಲಿ ಹೀಗೆ ಯಾರೂ ಕೇಳಿದ್ದಿಲ್ಲ" ಎಂದರು, ಆದರೂ ಮಾಡಿದರು. ಕಣ್ಣಿಗೆ ಲೂಪ್ ಸಿಕ್ಕಿಸಿಕೊಂಡು, ಡಯಲ್ ಮೇಲೆ ತೆಳು ಪ್ಲಾಸ್ಟಿಕ್ ಹಾಸಿ, ಸೆಕೆಂಡು, ನಿಮಿಷ, ಗಂಟೆ ಮುಳ್ಳುಗಳನ್ನು ತೆಗೆದು ಸಾಲಾಗಿ ಇಟ್ಟರು. ಕೊನೆಗೆ ಆ ಕೆಂಪು ಮುಳ್ಳನ್ನು ಏಳೂವರೆ ಡಿಗ್ರಿ ತಿರುಗಿಸಿ ಒತ್ತಿದರು. ಇದು ನಿಜಕ್ಕೂ ಕೆಲಸ ಮಾಡುತ್ತದೆ! ಕ್ಲಿಕ್ಕುಗಳು ಸರಿಯಾಗಿ ಕೂಡಿಬಂದವು. ಆದರೆ ಮುಳ್ಳು ನಿಲ್ಲುವುದು ಅದರ ಕೊಳವೆಯ ಬಿಗಿತದಿಂದ. ಇನ್ನಷ್ಟು ನಿಖರ ಮಾಡೋಣ ಎಂದು ಮತ್ತೆ ಕೂರಿಸಿದಾಗ ಸಡಿಲವಾಯಿತು. ಕೂಲಿ ಹೋದದ್ದು 1,500ರಷ್ಟು, ವಾಚು ಮಾರುವಾಗ ಕಳೆದುಕೊಂಡದ್ದು ಅದಕ್ಕಿಂತ ತುಂಬಾ ಜಾಸ್ತಿ.

ಇಷ್ಟಾದ ಮೇಲೆ ಒಂದು ವಿಷಯ ಸ್ಪಷ್ಟವಾಯಿತು. ನಮಗೆ ವಾಚು ಆರಿಸಿಕೊಡುವುದು ಬೆಜೆಲ್, ಮೂವ್‌ಮೆಂಟ್ ಅಲ್ಲ. ಎಲ್ಲರೂ ಫ್ಲೈಯರ್ (ಊರಿನ ಗಂಟೆ ಮುಳ್ಳನ್ನು ಬೇರೆಯಾಗಿ ಜರುಗಿಸುವಂಥದ್ದು) ಒಳ್ಳೆಯದೋ ಕಾಲರ್ (24 ಗಂಟೆಯ ಮುಳ್ಳನ್ನು ಬೇರೆಯಾಗಿ ಜರುಗಿಸುವಂಥದ್ದು) ಒಳ್ಳೆಯದೋ ಎಂದು ಜಗಳ ಆಡುತ್ತಾರೆ. 2022ರಲ್ಲಿ ಮಿಯೋಟಾ 9075 ಮೂವ್‌ಮೆಂಟ್ ಬಂದ ಮೇಲೆ ಕಡಿಮೆ ದುಡ್ಡಿಗೂ ಫ್ಲೈಯರ್ ಸಿಗುತ್ತದೆ, ನಿಜ. ವಿಮಾನದಲ್ಲಿ ತಿರುಗುವವರು ಅದನ್ನೇ ತೆಗೆದುಕೊಳ್ಳಲಿ. ಊರಲ್ಲೇ ಕೂತು ಪರದೇಶಕ್ಕೆ ಫೋನ್ ಮಾಡುವವನಿಗೆ ಕಾಲರ್ ಸಾಕು, ಅದೇ ಸರಿ ಕೂಡ. ಆದರೆ ಬೆಜೆಲ್ ಅರ್ಧ ಗಂಟೆಯಲ್ಲಿ ನಿಲ್ಲಲೇಬೇಕು. ಒಂದೋ 48 ಕ್ಲಿಕ್ಕು ಇರಬೇಕು, ಇಲ್ಲ ಕ್ಲಿಕ್ಕೇ ಇರಬಾರದು.

ಕ್ಲಿಕ್ಕಿಲ್ಲದ್ದು ಕಡಿಮೆ ಬೆಲೆಗೆ ಸಿಕ್ಕಿದ್ದು ಸೈಕೊ 5 ಸ್ಪೋರ್ಟ್ಸ್‌ನಲ್ಲಿ. 2022ರಲ್ಲೇ ಬಂದ ಎಸ್‌ಎಸ್‌ಕೆ 001, 003, 005. ಒಳಗಿನ ಮೂವ್‌ಮೆಂಟ್ 4ಆರ್34. ನಾನು ತೆಗೆದುಕೊಂಡದ್ದು ನೀಲಿ ಡಯಲಿನ 003. ಇದರ ಬೆಜೆಲ್ ಎರಡೂ ಕಡೆ ತಿರುಗುತ್ತದೆ, ಎಲ್ಲಿ ಬೇಕೋ ಅಲ್ಲಿ ನಿಲ್ಲುತ್ತದೆ. ಕ್ಲಿಕ್ಕಿಲ್ಲ ಎಂದು ವಿದೇಶದವರು ದೂರುವುದನ್ನು ಓದಿದ್ದೇನೆ. ನಮಗೆ ಬೇಕಾದ್ದೇ ಅದು. ಅದೇ ಮೂವ್‌ಮೆಂಟಿನ ಫೀಲ್ಡ್ ಮಾದರಿಯೂ ಉಂಟು, ಆದರೆ ಅದರ ಬೆಜೆಲ್ ತಿರುಗುವುದಿಲ್ಲ. ಅಂಗಡಿಯವರು ಅದನ್ನು ಮುಂದೆ ಇಟ್ಟರೆ ಸುಮ್ನೆ ಬದಿಗಿಡಿ.

ಕೂರಿಸುವ ಕ್ರಮ ಹೀಗೆ. ಬೆಳಿಗ್ಗೆ ಸರಿಯಾಗಿ 11.30ಕ್ಕೆ ಶುರು ಮಾಡಿದರೆ ಸುಲಭ. ಆಗ ಅಬಿಜಾನ್‌ನಲ್ಲಿ 6. ಬೆಜೆಲಿನ ತ್ರಿಕೋನ ನೇರ 12ರಲ್ಲಿರಲಿ. ಕ್ರೌನ್ (ಬದಿಯ ಕೀ ಗುಂಡಿ) ಒಂದು ಹಂತ ಎಳೆದು 24 ಗಂಟೆಯ ಮುಳ್ಳನ್ನು 6 ದಾಟಿಸಿ 7ರ ಮೊದಲು, ಸರಿ ಅರ್ಧದಲ್ಲಿ ನಿಲ್ಲಿಸಿ; ನಿಮಿಷ 30 ಆಗಿರುವುದರಿಂದ ಅದು ಅರ್ಧಕ್ಕೇ ಬಂದು ನಿಲ್ಲುತ್ತದೆ. ಈಗ ಬೆಜೆಲನ್ನು ಬಲಕ್ಕೆ ಜರುಗಿಸಿ 6ನ್ನು ಆ ಮುಳ್ಳಿನ ತುದಿಗೆ ತನ್ನಿ. ತ್ರಿಕೋನ ಈಗ 12ರ ಬಲಕ್ಕೆ ಒಂದು ನಿಮಿಷದ ಗೆರೆ ದಾಟಿ ಕೂದಲೆಳೆಯಷ್ಟು ಮುಂದೆ ಇರುತ್ತದೆ. ನಮ್ಮ ಅರ್ಧ ಗಂಟೆ ಅಲ್ಲಿಗೆ ಮುಗಿಯಿತು. ಇನ್ನು ಉಳಿದದ್ದೆಲ್ಲ ಇಡೀ ಗಂಟೆ. ಮುಳ್ಳು ತೋರಿಸುವುದು ಅಬಿಜಾನ್. ಅದಕ್ಕೆ ಮೂರು ಕೂಡಿಸಿದರೆ ದಾರ್ ಎಸ್ ಸಲಾಮ್, ನಾಲ್ಕು ಕೂಡಿಸಿದರೆ ದುಬೈ. ರಾಟರ್‌ಡ್ಯಾಮ್‌ಗೆ ಚಳಿಗಾಲದಲ್ಲಿ ಒಂದು, ಬೇಸಿಗೆಯಲ್ಲಿ ಎರಡು. ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ ಅವರು ಗಂಟೆ ಬದಲಿಸುತ್ತಾರೆ, ಉಳಿದ ಮೂರು ಊರಿನವರಿಗೆ ಆ ಗೊಡವೆ ಇಲ್ಲ. ಒಂದೇ ಊರಿನ ಜೊತೆ ಇಡೀ ದಿನ ವ್ಯವಹಾರ ಇದ್ದರೆ ಕೂಡಿಸುವುದೂ ಬೇಡ, ಬೆಜೆಲನ್ನು ಅಷ್ಟು ಗಂಟೆ ಎಡಕ್ಕೆ ತಿರುಗಿಸಿದರೆ ಆಯಿತು.

ತಾಂಜಾನಿಯಾದ ಕಡೆ ಇನ್ನೊಂದು ಲೆಕ್ಕವೂ ಉಂಟು. ಸ್ವಾಹಿಲಿಯಲ್ಲಿ ಮಾತಾಡುವವರು ಸೂರ್ಯ ಹುಟ್ಟಿದಲ್ಲಿಂದ ಗಂಟೆ ಎಣಿಸುತ್ತಾರೆ. ಅವರು ಬೆಳಿಗ್ಗೆ ಮೂರು ಗಂಟೆ ಎಂದರೆ ಅಲ್ಲಿನ 9. ಹೊಸದಾಗಿ ಬೀಜ ತರಿಸುವವರು ಇದನ್ನು ನೆನಪಿಡಿ, ಲಾರಿ ಕಳಿಸುವ ಮಾತು ಬಂದಾಗ ಬೇಕಾಗುತ್ತದೆ.

ಈ ವಾಚಿಗೆ ಒಂದೇ ಕಾಯಿಲೆ. ಬೆಜೆಲ್ ಅಂಗಿಯ ತೋಳಿಗೆ ತಾಗಿದರೆ ಮೆಲ್ಲಗೆ ಜಾರುತ್ತದೆ. ಅದಕ್ಕೆ ಬೆಜೆಲ್ ಅಡಿಯಲ್ಲಿ ನಾನೊಂದು ಉಪಾಯ ಮಾಡಿದ್ದೇನೆ, ಖರ್ಚು ನೂರು ರೂಪಾಯಿ ಕೂಡ ಇಲ್ಲ. ಅದೇನೆಂದು ಇಲ್ಲಿ ಬರೆಯುವುದಿಲ್ಲ, ಎದುರಿಗೆ ಬಂದವರಿಗೆ ತೋರಿಸುತ್ತೇನೆ. ಎರಡು ಮಳೆಗಾಲ ಕಳೆಯಿತು, ಜಾರಿಲ್ಲ.

ಮಳೆಗಾಲ ಎಂದಾಗ ಬೆಲ್ಟಿನ ಮಾತು. ಜೂನ್‌ನಲ್ಲಿ ಚರ್ಮಕ್ಕೆ ವಾರದಲ್ಲೇ ಬೂಸ್ಟು ಹಿಡಿಯುತ್ತದೆ. ನೈಲಾನ್ ಹಾಕಿ ನೋಡಿದೆ, ಇಡೀ ದಿನ ಒದ್ದೆ. ಸ್ಟೀಲ್ ಚೈನಿನ ಸಂದಿಯಲ್ಲಿ ಬೆವರಿನ ಉಪ್ಪು ಕೂರುತ್ತದೆ. ಕೊನೆಗೆ ರಬ್ಬರೇ ಗೆದ್ದಿತು. ರಾತ್ರಿ ನಲ್ಲಿಯಡಿ ಒಮ್ಮೆ ತೊಳೆದರೆ ಸಾಕು.

4ಆರ್34ಕ್ಕೆ ಕಂಪನಿ ಹೇಳುವುದು ದಿನಕ್ಕೆ 45 ಸೆಕೆಂಡು ಮುಂದೆ ಅಥವಾ 35 ಸೆಕೆಂಡು ಹಿಂದೆ ಹೋಗಬಹುದು ಎಂದು. ನನ್ನದು 12 ಸೆಕೆಂಡಿನಷ್ಟು ಮುಂದೆ ಓಡುತ್ತಿತ್ತು. ರಾತ್ರಿ ಡಯಲ್ ಮೇಲೆ ಮಾಡಿ ಇಡುವ ಬದಲು ಕ್ರೌನ್ ಮೇಲೆ ಬರುವ ಹಾಗೆ ನಿಲ್ಲಿಸಿಟ್ಟೆ, ಈಗ ನಾಲ್ಕೈದಕ್ಕೆ ಇಳಿದಿದೆ. ಪ್ರತಿ ವಾಚಿನ ಸ್ವಭಾವ ಬೇರೆ, ನಿಮ್ಮದನ್ನು ನೀವೇ ನೋಡಿ. ಕೀ ನಿಲ್ಲುವುದು 41 ಗಂಟೆ. ಶನಿವಾರ ಮಧ್ಯಾಹ್ನ ಬಿಚ್ಚಿಟ್ಟರೆ ಸೋಮವಾರ ಬೆಳಿಗ್ಗೆ ನಿಂತಿರುತ್ತದೆ. ಗಾಬರಿ ಬೇಡ, ಸಮಯ ಕೂರಿಸುವಾಗ 24 ಗಂಟೆಯ ಮುಳ್ಳು ಜೊತೆಗೇ ಬರುತ್ತದೆ. ಹಗಲೋ ರಾತ್ರಿಯೋ ಎಂದು ಮಾತ್ರ ಒಮ್ಮೆ ನೋಡಿಕೊಳ್ಳಿ.

ಕೊಳ್ಳಲು ಹೋದಾಗ ದುಡ್ಡು ಕೊಡುವ ಮೊದಲು ಬೆಜೆಲನ್ನು ಅರ್ಧ ಗಂಟೆಗೆ ತಿರುಗಿಸಿ, ಮೇಜಿನ ಮೇಲೆ ಮೆಲ್ಲಗೆ ತಟ್ಟಿ, ನಿಂತಿದೆಯೇ ನೋಡಿ. ಒಂದೇ ಮಾದರಿಯಲ್ಲೂ ಒಂದು ಬಿಗಿ, ಒಂದು ಸಡಿಲ ಇರುತ್ತದೆ. ಅಂಗಡಿಯಲ್ಲಿ ಮೂರು ತೆಗೆಸಿ ನೋಡಿದೆ, ಅದರಲ್ಲಿ ಬಿಗಿಯಾದದ್ದನ್ನೇ ಆರಿಸಿದೆ.