ಇನ್ನೊಂದು ಪ್ಯಾನೆಲ್ ಬೇಕಿತ್ತಾ?

ಕ್ಯಾಂಪಿಂಗ್‌ಗೆ ಹೋಗಿದ್ದಾಗ ರಾತ್ರಿ ಮೂರರ ಹೊತ್ತಿಗೆ ಎಚ್ಚರವಾಗಿದ್ದು ಗಾಡಿಯೊಳಗಿನ ಫ್ರಿಜ್‌ನ ಗುರ್ ಸದ್ದು ನಿಂತಿದ್ದಕ್ಕೆ. ಟಾರ್ಚ್ ಬಿಟ್ಟು ನೋಡಿದರೆ ಕೆಂಪು ದೀಪ ಮಿಣುಕುತ್ತಿದೆ. ವೋಲ್ಟೇಜ್ ಕಡಿಮೆ! ನನ್ನ ಪಿಕಪ್ ಟ್ರಕ್‌ನ ನೆತ್ತಿ ಮೇಲೆ 100 ವ್ಯಾಟ್‌ನ ಒಂದು ಸೋಲಾರ್ ಪ್ಯಾನೆಲ್, ಹಿಂದುಗಡೆ 100 ಆಂಪಿಯರ್ ಅವರ್‌ನ ಎಜಿಎಂ (ಸೀಲ್ ಮಾಡಿದ ಲೆಡ್-ಆಸಿಡ್) ಬ್ಯಾಟರಿ ಇದೆ. ಬೆಳಗಾಗುವಷ್ಟರಲ್ಲಿ ಇನ್ನೊಂದು ಪ್ಯಾನೆಲ್, ಲಿಥಿಯಂ ಬ್ಯಾಟರಿ, ಪ್ಯಾನೆಲ್‌ನಿಂದ ಬ್ಯಾಟರಿಗೆ ಹೋಗುವ ಚಾರ್ಜ್ ಹತೋಟಿಯಲ್ಲಿಡುವ ಹೊಸ ಎಂಪಿಪಿಟಿ ಕಂಟ್ರೋಲರ್ ಎಲ್ಲವನ್ನೂ ಮನಸ್ಸಿನಲ್ಲೇ ಕೊಂಡು ಮುಗಿಸಿದ್ದೆ.

ದುಡ್ಡು ಬಿಚ್ಚುವ ಮೊದಲು ಮಲ್ಟಿಮೀಟರ್ ಹಿಡಿದು ಕೂತಿದ್ದು ಒಳ್ಳೆಯದಾಯಿತು. ಕಂಪ್ರೆಸರ್ ಓಡುತ್ತಿದ್ದಾಗ ಬ್ಯಾಟರಿಯಲ್ಲಿ 12.2 ವೋಲ್ಟ್, ಫ್ರಿಜ್‌ನ ಸಾಕೆಟ್‌ನಲ್ಲಿ 11.3. ಎಜಿಎಂ ಬ್ಯಾಟರಿ 12.2 ತೋರಿಸಿದರೆ ಸುಮಾರು ಅರ್ಧ ಚಾರ್ಜ್ ಉಳಿದಿದೆ ಎಂದೇ ಲೆಕ್ಕ. ಆದರೆ ಫ್ರಿಜ್ ಪಾಲಿಗೆ ಬ್ಯಾಟರಿ ಸತ್ತಿತ್ತು. ನಡುವೆ 0.9 ವೋಲ್ಟ್ ಹೋದದ್ದೆಲ್ಲಿ? ಹೋಗಿ ಬರುವ ವೈರ್ ಸೇರಿ 10 ಮೀಟರ್, ದಪ್ಪ ಬರೀ 1.5 ಚದರ ಮಿಲಿಮೀಟರ್. ನಾಲ್ಕೂವರೆ ಆಂಪಿಯರ್ ಹರಿದರೆ ಅಲ್ಲೇ ಅರ್ಧ ವೋಲ್ಟ್ ಖರ್ಚು. ಉಳಿದದ್ದನ್ನು ಸಿಗರೇಟ್ ಲೈಟರ್ ಪ್ಲಗ್ ನುಂಗುತ್ತಿತ್ತು. ಕಿತ್ತು ಮುಟ್ಟಿದರೆ ತುದಿ ಚುರ್ ಎಂದಿತು. ಮನೆಯಲ್ಲಿ ಮಿಕ್ಕಿದ್ದ ವೈರ್ ಎಳೆದವನು ನಾನೇ, ಯಾರನ್ನು ಬೈಯಲಿ? 6 ಚದರ ಮಿಲಿಮೀಟರ್ ವೈರ್ ಎಳೆದು, ಪ್ಲಗ್ ಬದಲಿಗೆ ಗಟ್ಟಿ ಕನೆಕ್ಟರ್ ಹಾಕಿ, ಬ್ಯಾಟರಿ ಪಕ್ಕ ಫ್ಯೂಸ್ ಕೂರಿಸಿದೆ. ಫ್ರಿಜ್ ಮತ್ತೆ ಮುಷ್ಕರ ಹೂಡಲಿಲ್ಲ.

ಆಮೇಲೆ ಮೂರು ದಿನ ಕರೆಂಟಿನ ಜಮಾ-ಖರ್ಚು ಬರೆದಿಟ್ಟೆ. ಫ್ರಿಜ್, ದೀಪ, ಫ್ಯಾನ್, ಫೋನ್ ಸೇರಿ ದಿನಕ್ಕೆ ಸುಮಾರು 530 ವ್ಯಾಟ್ ಅವರ್ ಬೇಕು. ಬಯಲಲ್ಲಿ ನಿಲ್ಲಿಸಿದರೆ ಪ್ಯಾನೆಲ್ ಕೊಟ್ಟದ್ದು 330, ಮರದಡಿ 90. ಒಂದು ಕೊಂಬೆಯ ನೆರಳು ಅಡ್ಡ ಬಿದ್ದದ್ದೇ ತಡ, 4.8 ಆಂಪಿಯರ್ ಒಂದಕ್ಕಿಳಿಯಿತು. ನಾನು ನಿಲ್ಲಿಸುವುದೇ ನೆರಳು ನೋಡಿ. ಮಾಡಿನ ಮೇಲೆ ಎರಡನೇ ಪ್ಯಾನೆಲ್ ಹಾಕಿದರೆ ಅದೂ ಅದೇ ನೆರಳಲ್ಲಿ ಮಲಗುತ್ತದೆ, ಅಷ್ಟೇ.

ನಾನು ಒಂದೇ ಜಾಗದಲ್ಲಿ ಎರಡು ರಾತ್ರಿಗಿಂತ ಹೆಚ್ಚು ತಂಗುವುದು ಅಪರೂಪ. ಹಾಗಾಗಿ ಗಾಡಿ ಓಡುವಾಗ ಎಂಜಿನ್ ಕಡೆಯಿಂದ ಈ ಬ್ಯಾಟರಿ ತುಂಬುವ 20 ಆಂಪಿಯರ್‌ನ ಡಿಸಿ-ಡಿಸಿ ಚಾರ್ಜರ್ ಒಂದನ್ನೇ ತಂದೆ. ಬ್ಯಾಟರಿ ಇಳಿದಿದ್ದಾಗ ಎರಡು ಗಂಟೆ ಗಾಡಿ ಓಡಿಸಿದರೆ ಸುಮಾರು 500 ವ್ಯಾಟ್ ಅವರ್ ತುಂಬುತ್ತದೆ, ಬಿಸಿಲಿರಲಿ ಬಿಡಲಿ. ಪ್ಯಾನೆಲ್‌ನಿಂದ ಆದಷ್ಟೂ ಹೆಚ್ಚು ಕರೆಂಟ್ ಹಿಂಡುವ ಆ ಎಂಪಿಪಿಟಿ ಕಂಟ್ರೋಲರ್ ಒಳ್ಳೆಯದೇ, ಆದರೆ ಒಂದೇ ಪ್ಯಾನೆಲ್‌ಗೆ ಅದರಿಂದ ಸಿಗುವ ಲಾಭ ನನ್ನ ಮಟ್ಟಿಗೆ ಸಾಲದು. ಲಿಥಿಯಂ ಆಸೆ ಇನ್ನೂ ಇದೆ. ಅರ್ಧ ತೂಕ, ಹೆಚ್ಚುಕಡಿಮೆ ಪೂರ್ತಿ ಬಳಸಬಹುದು. ಸೊನ್ನೆ ಡಿಗ್ರಿಗಿಂತ ಕೆಳಗೆ ಮಾತ್ರ ಚಾರ್ಜ್ ಮಾಡುವಂತಿಲ್ಲ. ಇರುವ ಎಜಿಎಂ ಕೈಕೊಡುವವರೆಗೆ ಆ ಮಾತಿಲ್ಲ.

ಮುಂದೆಂದಾದರೂ ಒಂದೇ ಕಡೆ ನಾಲ್ಕೈದು ದಿನ ಬೀಡುಬಿಡುವುದಾದರೆ ಮಡಚುವ ಪ್ಯಾನೆಲ್ ತರುತ್ತೇನೆ. ಟ್ರಕ್ ನೆರಳಲ್ಲಿ, ಪ್ಯಾನೆಲ್ ಬಿಸಿಲಲ್ಲಿ. ಈ ಸಲ ದಪ್ಪ ವೈರ್‌ನೊಂದಿಗೆ.